ಮೃದಂಗದ ಎಡಗೈ ಎಲ್ಲಿ ಹೋಯಿತು: ಒಂದು ಪ್ರಿಆಂಪ್ ಮತ್ತು ಪವರ್ ಆಂಪ್ ಜೋಡಿಯ ಪ್ರಕರಣ

ಮೇಷ್ಟ್ರ ಮನೆಯಲ್ಲಿ ಕುಳಿತು ಒಂದು ಕಚೇರಿಯ ರೆಕಾರ್ಡನ್ನೂ ಅದರ ತನಿ ಆವರ್ತನವನ್ನೂ (ಮೃದಂಗಕ್ಕೇ ಮೀಸಲಾದ ಭಾಗ) ಕೇಳಿದ ಸಂಜೆ, ತೊಂದರೆ ಇರುವುದು ನಿಜ ಎಂದು ಒಪ್ಪಿಕೊಳ್ಳಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಗಾಯಕರ ಧ್ವನಿ ನಿಚ್ಚಳವಾಗಿತ್ತು. ಪಿಟೀಲಿನ ಕಮಾನು ತಂತಿಗೆ ತಾಗುವ ಸದ್ದೂ ಕಿವಿಗೆ ಬೀಳುತ್ತಿತ್ತು. ಮೃದಂಗದ ಬಲಬದಿ ಗಂಟೆಯ ಹಾಗೆ ನುಡಿಯುತ್ತಿತ್ತು. ಎಡಬದಿ ಮಾತ್ರ ಇರಲಿಲ್ಲ. ಆ ಎಡಬದಿಯ, ಎಂದರೆ ತೊಪ್ಪಿಯ ಮೇಲೆ ಕೈ ಬಿದ್ದದ್ದು ತಿಳಿಯುತ್ತಿತ್ತು, ರಟ್ಟಿನ ಡಬ್ಬವನ್ನು ತಟ್ಟಿದ ಹಾಗೆ. ಅದರ ಹೊಟ್ಟೆಯಿಂದ ಏಳಬೇಕಾದ ಗುಂಕಾರ ಏಳುತ್ತಲೇ ಇರಲಿಲ್ಲ.

"ನೋಡಪ್ಪ, ಎಡಗೈಯನ್ನು ಯಾರೋ ಕಟ್ಟಿಹಾಕಿದ್ದಾರೆ" ಎಂದರು ಮೇಷ್ಟ್ರು.

ಅವರು ಮೈಸೂರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ನನಗೆ ಬೆಸುಗೆ ಹಾಕುವುದನ್ನು ಹೇಳಿಕೊಟ್ಟವರೂ ಅವರೇ. ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಲು ಕಾರಣವಿದೆ. ಇಲ್ಲಿ ಯಾವ ಪೆಟ್ಟಿಗೆಯೂ ಕೆಟ್ಟಿರಲಿಲ್ಲ. ಸೂಕ್ಷ್ಮ ಸಂಕೇತವನ್ನು ಮೊದಲು ಹಿಗ್ಗಿಸುವ ಪ್ರಿಆಂಪ್ ಸರಿಯಾಗಿತ್ತು, ಅದಕ್ಕೆ ಸ್ಪೀಕರ್ ನುಡಿಸುವಷ್ಟು ಬಲ ಕೊಡುವ ಪವರ್ ಆಂಪ್ ಸರಿಯಾಗಿತ್ತು, ಸ್ಪೀಕರ್ ಸರಿಯಾಗಿತ್ತು. ಹಾಗಿದ್ದೂ ನಾಲ್ಕು ತಿಂಗಳು ಸಂಗೀತ ಅರ್ಧ ಸತ್ತಿತ್ತು. ವಾಲ್ವ್ (ಟ್ರಾನ್ಸಿಸ್ಟರಿಗೂ ಮೊದಲಿನ ಗಾಜಿನ ನಿರ್ವಾತ ಕೊಳವೆ) ಕಾಲದ ಪ್ರಿಆಂಪ್‌ಗೆ ಇಂದಿನ ಪವರ್ ಆಂಪ್ ಜೋಡಿಸುವ ಮನೆಗಳಲ್ಲಿ ಇದೇ ತೊಂದರೆ ಮತ್ತೆ ಮತ್ತೆ ತಲೆ ಎತ್ತುತ್ತದೆ. ಪ್ರತಿ ಸಲವೂ ತಪ್ಪು ಪೆಟ್ಟಿಗೆಯ ತಲೆಗೆ ದೂರು ಬೀಳುತ್ತದೆ.

ಸೆಟ್ಟಿನ ಹಿನ್ನೆಲೆ

1972ರಲ್ಲಿ ಮೇಷ್ಟ್ರು ತಮ್ಮ ಕೈಯಾರೆ ಎರಡು ಪೆಟ್ಟಿಗೆಗಳನ್ನು ಕಟ್ಟಿದ್ದರು. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ ರೇಡಿಯೊ ವಾಲ್ವ್‌ಗಳು ತಯಾರಾಗುತ್ತಿದ್ದ ಕಾಲ ಅದು. ಮೊದಲನೆಯದು ಪ್ರಿಆಂಪ್: ರೆಕಾರ್ಡ್ ಪ್ಲೇಯರಿನ ಸೂಕ್ಷ್ಮ ಸಂಕೇತವನ್ನು ಹಿಗ್ಗಿಸಲು ಇಸಿಸಿ83 ವಾಲ್ವ್‌ಗಳು, ಆಮೇಲೆ ಟೋನ್ ಕಂಟ್ರೋಲ್, ಕೊನೆಯಲ್ಲಿ ಹೊರದಾರಿ ಕಾಯುವ ಇಸಿಸಿ82. ಎರಡನೆಯದು ಪವರ್ ಆಂಪ್: ಒಂದೊಂದು ಚಾನೆಲ್ಲಿಗೆ ಎರಡೆರಡು ಇಎಲ್84 ವಾಲ್ವ್. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರುಗಳನ್ನು ಮೇಷ್ಟ್ರು ತಾವೇ ಸುತ್ತಿದ್ದರು. ವಾಲ್ವ್ ಜೋಡಿಗೆ 8,000 ಓಮ್ ಹೊರೆ (ಸಂಕೇತ ಪಡೆಯುವ ಕಡೆಯ ತಡೆ) ಬೇಕು, ಸ್ಪೀಕರ್ ಇರುವುದು 8 ಓಮ್. ಅನುಪಾತ ಸಾವಿರ, ಅದರ ವರ್ಗಮೂಲ 31.6. ಅಷ್ಟು ಸುತ್ತಿಗೆ ಒಂದು ಸುತ್ತು. ಒಂದು ಬೇಸಿಗೆ ರಜೆ ಪೂರ್ತಿ ಅದಕ್ಕೆ ಹೋಯಿತೆಂದು ಅವರು ಈಗಲೂ ಹೇಳುತ್ತಾರೆ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಅದರ ಕೆಲಸವಿದೆ.

ಕಳೆದ ವರ್ಷ ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಮತ್ತೆ ಸುತ್ತಲು ಅವರ ಕೈ, ಕಣ್ಣು ಎರಡೂ ಒಪ್ಪಲಿಲ್ಲ. ಮಗಳು ಒಂದು ಹೊಸ ಪವರ್ ಆಂಪ್ ತಂದುಕೊಟ್ಟಳು. ಅಂಗೈಯಗಲದ, ತಣ್ಣಗೆ ಕೆಲಸ ಮಾಡುವ, ಇಎಲ್84 ಜೋಡಿಗಿಂತ ನಾಲ್ಕು ಪಟ್ಟು ಬಲವಿರುವ, ಕ್ಲಾಸ್ ಡಿ ಎಂಬ ಇಂದಿನ ಬಗೆಯ ಯಂತ್ರ. ಹಳೆಯ ಪ್ರಿಆಂಪಿನ ತಂತಿಯನ್ನು ಅದಕ್ಕೆ ಸಿಕ್ಕಿಸಿದರು. ಅಂದಿನಿಂದ ಎಡಗೈ ಕಾಣೆ.

ನಾನು ಹೋಗುವ ಮೊದಲು ನಡೆದ ಚಿಕಿತ್ಸೆಗಳು

ಅಂಗಡಿಯವರು ಹೊಸ ಆಂಪನ್ನು ತರಿಸಿಕೊಂಡು ಸಿಡಿ ಪ್ಲೇಯರ್ ಜೋಡಿಸಿ ನೋಡಿ, ಮಂದ್ರ ಗಟ್ಟಿಯಾಗಿಯೇ ಇದೆ ಎಂದು ಹಿಂದಿರುಗಿಸಿದರು. ಅವರು ಹೇಳಿದ್ದು ನಿಜ. ಪ್ರಿಆಂಪನ್ನು ಮೇಷ್ಟ್ರು ವಾಲ್ವ್ ಆಂಪಿನ ಉಳಿದ ಒಂದು ಚಾನೆಲ್ಲಿಗೆ ಕೊಟ್ಟು ಕೇಳಿದರು. ಅಲ್ಲಿಯೂ ಮಂದ್ರ ಮೊದಲಿನಂತೆಯೇ ಇತ್ತು. ಅದೂ ನಿಜ. ಹಾಗಾದರೆ ಸ್ಪೀಕರಿನದೇ ತಪ್ಪಿರಬೇಕೆಂದು ಅದರ ಪೆಟ್ಟಿಗೆಯನ್ನು ಗೋಡೆಗೆ ಒತ್ತರಿಸಿದರು, ಮೂಲೆಗೆ ಸರಿಸಿದರು. ಬಾಸ್ ಗುಬುಟನ್ನು ತುದಿಯವರೆಗೆ ತಿರುಗಿಸಿದರು. ಅದರಿಂದ ಧ್ವನಿಗೆ ಡೋಲಿನೊಳಗಿಂದ ಬಂದಂತಹ ದಪ್ಪ ಬಂತು, ತೊಪ್ಪಿ ಬರಲಿಲ್ಲ. ಆ ಗುಬುಟು ಎತ್ತುತ್ತಿದ್ದದ್ದು ಗಂಡುಧ್ವನಿಯ ಕೆಳಭಾಗವನ್ನೂ ಸೇರಿಸಿ ವಿಶಾಲವಾದ ಒಂದು ಪಟ್ಟಿಯನ್ನು. ಕಾಣೆಯಾಗಿದ್ದದ್ದು ಅದಕ್ಕೂ ಕೆಳಗಿನದು.

ಕೊನೆಗೆ ಒಬ್ಬ ರಿಪೇರಿಯವರು ಬಂದು, "ಇದು ಇಂಪಿಡೆನ್ಸ್ ಮ್ಯಾಚ್ ಆಗದಿರುವ ತೊಂದರೆ" ಎಂದರು. ಇಂಪಿಡೆನ್ಸ್ ಎಂದರೆ ಸಂಕೇತದ ಹರಿವಿಗೆ ಇರುವ ತಡೆ, ಓಮಿನಲ್ಲಿ ಅಳೆಯುವಂಥದ್ದು; ಯಂತ್ರದ ಹೊರದಾರಿಯಲ್ಲಿ ಕಾಣುವುದು ಹೊರಮೈ, ಒಳದಾರಿಯಲ್ಲಿ ಕಾಣುವುದು ಒಳಮೈ. ರೋಗದ ಹೆಸರು ಹೆಚ್ಚುಕಡಿಮೆ ಸರಿಯಾಗಿತ್ತು, ಮದ್ದು ವಿಷವಾಯಿತು. ಪ್ರಿಆಂಪಿನ ಹಿಂದೆ ಮೇಷ್ಟ್ರು ಶಾಯಿಯಲ್ಲಿ 'ಹೊರಮೈ ಇಂಪಿಡೆನ್ಸ್ 600 ಓಮ್' ಎಂದು ಬರೆದಿದ್ದರು. ರಿಪೇರಿಯವರು ಅದನ್ನು ಓದಿ, ಎರಡು ಕಡೆಯೂ ಸಮವಾಗಲಿ ಎಂದು ಹೊರದಾರಿಗೆ ಅಡ್ಡಲಾಗಿ 600 ಓಮಿನ ರೆಸಿಸ್ಟರ್ ಬೆಸೆದರು. ಸದ್ದು ಸಣ್ಣಗಾಯಿತು. ಹಾಡು ದೂರವಾಣಿಯಲ್ಲಿ ಕೇಳಿದ ಹಾಗಾಯಿತು. ಮೇಷ್ಟ್ರು ಮರುದಿನವೇ ಅದನ್ನು ಕಿತ್ತರು. ಆದರೆ ಅವರ ಮನಸ್ಸಿನಲ್ಲಿ ಗೊಂದಲ ಉಳಿಯಿತು: "ಸಮ ಮಾಡಿದರೆ ಇನ್ನಷ್ಟು ಕೆಡಬೇಕೇಕೆ? ನಾನು ಟ್ರಾನ್ಸ್‌ಫಾರ್ಮರ್ ಸುತ್ತಿದ್ದೇ ಸಮ ಮಾಡಲಿಕ್ಕಲ್ಲವೇ?"

ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವ ಹಾಗಿರಲಿಲ್ಲ.

ಸಮ ಮಾಡುವುದು ಎಂಬ ಮಾತಿನ ಮೂಲ

ಬ್ಯಾಟರಿಯಿಂದ ಹೊರೆಗೆ ಅತಿ ಹೆಚ್ಚು ಶಕ್ತಿ ಹರಿಯುವುದು ಹೊರೆಯ ರೋಧವೂ ಬ್ಯಾಟರಿಯ ಒಳರೋಧವೂ ಸಮವಾದಾಗ. 1840ರ ಸುಮಾರಿಗೆ ಯಾಕೋಬಿ ಹೇಳಿದ ನಿಯಮವಿದು. ಪಠ್ಯಪುಸ್ತಕದಲ್ಲಿ ಇದನ್ನು ಓದದ ವಿಜ್ಞಾನ ವಿದ್ಯಾರ್ಥಿ ಇಲ್ಲ. ಆದರೆ ಹಾಗೆ ಸಮ ಮಾಡಿದಾಗ ಅರ್ಧ ಶಕ್ತಿ ಮೂಲದ ಒಳಗೇ ಸುಟ್ಟುಹೋಗುತ್ತದೆ, ವೋಲ್ಟೇಜ್ ಅರ್ಧಕ್ಕೆ ಇಳಿಯುತ್ತದೆ ಎಂಬ ಎರಡನೆಯ ವಾಕ್ಯವನ್ನು ನಾವು ಮರೆಯುತ್ತೇವೆ. ದೂರವಾಣಿಯವರಿಗೆ ಶಕ್ತಿಯೇ ಮುಖ್ಯವಾಗಿತ್ತು. ಮೈಲಿಗಟ್ಟಲೆ ಕಂಬದ ತಂತಿಯ ಆಚೆ ಕಡೆ ಸಿಗುವ ಪ್ರತಿಯೊಂದು ಚೂರು ಶಕ್ತಿಯೂ ಬೇಕಿತ್ತು, ಸಂಕೇತ ತುದಿಯಲ್ಲಿ ಹೊಡೆದು ಹಿಂದಿರುಗಿ ಪ್ರತಿಧ್ವನಿಯಾಗದಿರುವುದೂ ಬೇಕಿತ್ತು. ಕಂಬದ ಮೇಲಿನ ತೆರೆದ ತಂತಿಜೋಡಿಯ ಸಹಜ ಇಂಪಿಡೆನ್ಸ್ 600 ಓಮಿನ ಆಸುಪಾಸು. ಆ ಸಂಖ್ಯೆ ಅಲ್ಲಿಂದ ರೇಡಿಯೊ ಸ್ಟುಡಿಯೊಗಳಿಗೆ ಬಂತು. 600 ಓಮಿನಲ್ಲಿ ಒಂದು ಮಿಲಿವ್ಯಾಟ್ ಎಂದರೆ 0.775 ವೋಲ್ಟ್. ಧ್ವನಿ ತಂತ್ರಜ್ಞರು ಇಂದಿಗೂ ಬಳಸುವ ಆ ಅಳತೆ ಅಲ್ಲಿ ಹುಟ್ಟಿದ್ದು.

ನಮ್ಮ ಪ್ರಿಆಂಪಿನಿಂದ ಪವರ್ ಆಂಪಿಗೆ ಇರುವುದು ಒಂದೂವರೆ ಮೀಟರ್ ತಂತಿ. ಇಲ್ಲಿ ಪ್ರತಿಧ್ವನಿಯ ಪ್ರಶ್ನೆಯಿಲ್ಲ. ಪವರ್ ಆಂಪಿಗೆ ಬೇಕಾದದ್ದು ಶಕ್ತಿಯೂ ಅಲ್ಲ, ವೋಲ್ಟೇಜಿನ ಆಕಾರ. ಶಕ್ತಿಯನ್ನು ಅದು ಗೋಡೆಯ ಪ್ಲಗ್ಗಿನಿಂದ ಪಡೆದುಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಮೂಲದ ಇಂಪಿಡೆನ್ಸ್ ಆದಷ್ಟು ಕಡಿಮೆ ಇರಬೇಕು, ಹೊರೆಯದು ಆದಷ್ಟು ಹೆಚ್ಚಿರಬೇಕು. ಕನಿಷ್ಠ ಹತ್ತು ಪಟ್ಟು ಎಂಬುದು ಬಳಕೆಯ ಲೆಕ್ಕ. ನಾನು ಇದನ್ನು ಮೇಷ್ಟ್ರಿಗೆ ಅವರದೇ ಪಾಠದ ಮಾತಿನಲ್ಲಿ ಹೇಳಿದೆ: ವೋಲ್ಟ್‌ಮೀಟರಿಗೆ ಹೆಚ್ಚು ರೋಧ ಇರಬೇಕೆಂದು ನೀವೇ ಕಲಿಸಿದ್ದೀರಿ, ಮೀಟರ್ ಸರ್ಕಿಟ್ಟನ್ನು ಅಳೆಯಬೇಕು, ಕುಡಿಯಬಾರದು ಎಂದು. ಪವರ್ ಆಂಪಿನ ಒಳದಾರಿ ಅಂತಹ ಒಂದು ವೋಲ್ಟ್‌ಮೀಟರ್. ಟ್ರಾನ್ಸ್‌ಫಾರ್ಮರ್ ಸುತ್ತಿದ ಕಡೆ ನಿಮ್ಮ ಲೆಕ್ಕ ನೂರಕ್ಕೆ ನೂರು ಸರಿ, ಏಕೆಂದರೆ ಅಲ್ಲಿ ವಾಲ್ವ್ ಸ್ಪೀಕರಿಗೆ ಶಕ್ತಿ ಕೊಡಬೇಕು. ಅದೇ ಲೆಕ್ಕವನ್ನು ಈ ಬಾಗಿಲಿಗೆ ತಂದರೆ ತಪ್ಪಾಗುತ್ತದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸರಿ, ಹತ್ತು ಪಟ್ಟು ಎಂದೇ ಇಟ್ಟುಕೊಳ್ಳೋಣ. ನನ್ನದು 600. ಹೊಸ ಆಂಪಿನ ಮೇಲೆ ಒಳಮೈ ಇಂಪಿಡೆನ್ಸ್ 10 ಕಿಲೋಓಮ್ ಎಂದು ಅಚ್ಚು ಹಾಕಿದ್ದಾರೆ. ಅದು ಹದಿನಾರು ಪಟ್ಟಾಯಿತಲ್ಲ. ಮತ್ತೇಕೆ ಮಂದ್ರವಿಲ್ಲ?"

ಇಷ್ಟು ಚೊಕ್ಕ ಪ್ರಶ್ನೆಯನ್ನು ಈ ವಿಷಯದಲ್ಲಿ ನನಗೆ ಬೇರೆ ಯಾರೂ ಕೇಳಿಲ್ಲ. ಉತ್ತರವನ್ನು ಬಾಯಲ್ಲಿ ಹೇಳುವ ಬದಲು ಅಳೆದು ತೋರಿಸೋಣ ಎಂದುಕೊಂಡೆ.

ಅಳತೆ

ಬೇಕಾದದ್ದು ಮೊಬೈಲಿನಲ್ಲಿ ಸ್ವರ ಹುಟ್ಟಿಸುವ ಒಂದು ಆ್ಯಪ್, ಒಂದು ಒಳ್ಳೆಯ ಮಲ್ಟಿಮೀಟರ್, 10 ಕಿಲೋಓಮಿನ ಒಂದು ರೆಸಿಸ್ಟರ್. ಸಾಧಾರಣ ಮಲ್ಟಿಮೀಟರುಗಳ ಎಸಿ ಅಳತೆಯನ್ನು 400 ಹರ್ಟ್ಜಿನ ಮೇಲೆ ನಂಬುವಂತಿಲ್ಲ. ನಮ್ಮ ತೊಂದರೆ ಇರುವುದೇ ಅದರ ಕೆಳಗಾದ್ದರಿಂದ ಅಡ್ಡಿಯಾಗಲಿಲ್ಲ.

ಮೊದಲು ಪವರ್ ಆಂಪ್. ಸ್ಪೀಕರ್ ಕಳಚಿ, ಮೊಬೈಲಿನಿಂದ 400 ಹರ್ಟ್ಜಿನ 200 ಮಿಲಿವೋಲ್ಟ್ ಸಂಕೇತವನ್ನು 10 ಕಿಲೋಓಮಿನ ರೆಸಿಸ್ಟರ್ ಮೂಲಕ ಒಳಗೆ ಕಳುಹಿಸಿದೆ. ರೆಸಿಸ್ಟರಿನ ಆಚೆ ತುದಿಯಲ್ಲಿ 100 ಮಿಲಿವೋಲ್ಟ್ ಸಿಕ್ಕಿತು. ಸರಿಯಾಗಿ ಅರ್ಧ. ಎಂದರೆ ಆಂಪಿನ ಒಳಮೈ ಇಂಪಿಡೆನ್ಸೂ 10 ಕಿಲೋಓಮೇ, ಅಚ್ಚು ಹಾಕಿದ್ದು ಸುಳ್ಳಲ್ಲ. ಇಂದಿನ ಸಣ್ಣ ಕ್ಲಾಸ್ ಡಿ ಆಂಪುಗಳಲ್ಲಿ ಇಷ್ಟು ಕಡಿಮೆ ಇರುವುದು ಅಪರೂಪವೇನಲ್ಲ. ಟಿಪಿಎ3116 ಎಂಬ ಚಿಪ್ಪಿನಲ್ಲಂತೂ ವರ್ಧನೆಯನ್ನು (ಸಂಕೇತ ಹಿಗ್ಗುವ ಪ್ರಮಾಣ, ಡೆಸಿಬೆಲ್ ಅದರ ಅಳತೆ) 20 ಡೆಸಿಬೆಲ್‌ಗೆ ಇಟ್ಟರೆ 60 ಕಿಲೋಓಮ್, 36ಕ್ಕೆ ಏರಿಸಿದರೆ ಬರಿಯ 9 ಕಿಲೋಓಮ್. ಸದ್ದು ಹೆಚ್ಚು ಬರಲೆಂದು ಬೋರ್ಡಿನ ಮೇಲಿನ ವರ್ಧನೆಯನ್ನು ಬದಲಿಸುವವರು ಹೊರೆಯನ್ನೂ ಬದಲಿಸುತ್ತಿದ್ದೇವೆಂದು ತಿಳಿದಿರಬೇಕು.

ಆಮೇಲೆ ಪ್ರಿಆಂಪ್. ಏನನ್ನೂ ಜೋಡಿಸದೆ ಹೊರದಾರಿಯಲ್ಲಿ ಒಂದು ವೋಲ್ಟ್ ಬರುವಂತೆ ಹೊಂದಿಸಿದೆ. 400 ಹರ್ಟ್ಜ್, 200, 100, 50: ಎಲ್ಲದರಲ್ಲಿಯೂ ಒಂದೇ ವೋಲ್ಟ್. ಮೇಷ್ಟ್ರ ಮುಖ ಅರಳಿತು. ಐವತ್ತು ವರ್ಷದ ಹಿಂದೆ ಕಟ್ಟಿದ ಪೆಟ್ಟಿಗೆ ಗೆರೆ ಎಳೆದ ಹಾಗೆ ನೇರವಾಗಿತ್ತು. ಈಗ ಹೊಸ ಆಂಪನ್ನು ಜೋಡಿಸಿ ಅದೇ ಜಾಗದಲ್ಲಿ ಮತ್ತೆ ಅಳೆದೆ. 400 ಹರ್ಟ್ಜಿನಲ್ಲಿ 0.88 ವೋಲ್ಟ್. 200ರಲ್ಲಿ 0.75. 100ರಲ್ಲಿ 0.52. 50ರಲ್ಲಿ 0.30.

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಮೀಟರಿನ ಹತ್ತಿರಕ್ಕೆ ಬಾಗಿದರು. 50 ಹರ್ಟ್ಜನ್ನು ಇನ್ನೊಮ್ಮೆ ಹಾಕೆಂದರು. ಹಾಕಿದೆ. 0.30. ಆಂಪಿನ ತಂತಿ ಕಿತ್ತೆ: 1.00. ಸಿಕ್ಕಿಸಿದೆ: 0.30. ಹೀಗೆ ನಾಲ್ಕು ಸಲ ಮಾಡಿಸಿದರು. ನಾಲ್ಕನೆಯ ಸಲ ಎದ್ದು ಹೋಗಿ ಹಳೆಯ ನೋಟ್‌ಬುಕ್ ತಂದರು. 1972ರ ಸರ್ಕಿಟ್ ಅದರಲ್ಲಿತ್ತು, ನೀಲಿ ಶಾಯಿ, ಅಂಚಿನಲ್ಲಿ ಪೆನ್ಸಿಲ್ ಲೆಕ್ಕ. ಕೊನೆಯ ಇಸಿಸಿ82 ವಾಲ್ವಿನ ಕ್ಯಾಥೋಡಿನಿಂದ (ಎಲೆಕ್ಟ್ರಾನುಗಳನ್ನು ಹೊರಸೂಸುವ ತುದಿ) ಹೊರದಾರಿಗೆ ಹೋಗುವ ಗೆರೆಯ ನಡುವೆ ಒಂದು ಕೆಪಾಸಿಟರ್. ಪಕ್ಕದಲ್ಲಿ 0.1 ಮೈಕ್ರೊಫ್ಯಾರಡ್, 400 ವೋಲ್ಟ್.

"ಇದಾ?" ಎಂದು ಬೆರಳಿಟ್ಟರು.

ಅದೇ.

0.1 ಮೈಕ್ರೊಫ್ಯಾರಡ್ ಮಾಡಿದ ಕೆಲಸ

ಆ ವಾಲ್ವಿನ ಕ್ಯಾಥೋಡ್ ನೆಲದಿಂದ ಸುಮಾರು 110 ವೋಲ್ಟ್ ಮೇಲಿರುತ್ತದೆ. ಸಂಗೀತ ಆ 110 ವೋಲ್ಟಿನ ಬೆನ್ನ ಮೇಲೆ ಕುಳಿತ ಸಣ್ಣ ಅಲೆ. ಅಲೆಯನ್ನು ಮಾತ್ರ ದಾಟಿಸಿ 110 ವೋಲ್ಟನ್ನು ಒಳಗೇ ತಡೆಯುವುದು ಕೆಪಾಸಿಟರಿನ ಕೆಲಸ. ಅದಿಲ್ಲದಿದ್ದರೆ ಮುಂದಿನ ಯಂತ್ರ ಉಳಿಯುವುದಿಲ್ಲ. ಆದರೆ ಕೆಪಾಸಿಟರ್ ಎಲ್ಲ ಕಂಪನಗಳಿಗೂ ಒಂದೇ ಬಾಗಿಲು ತೆರೆಯುವುದಿಲ್ಲ. ವೇಗದ ಕಂಪನಕ್ಕೆ ಬಾಗಿಲು ಅಗಲ, ನಿಧಾನದ ಕಂಪನಕ್ಕೆ ಕಿರಿದು. 0.1 ಮೈಕ್ರೊಫ್ಯಾರಡ್ 1,000 ಹರ್ಟ್ಜಿಗೆ ಒಡ್ಡುವ ತಡೆ 1.6 ಕಿಲೋಓಮ್. 100 ಹರ್ಟ್ಜಿಗೆ 16. 50ಕ್ಕೆ 32. 20 ಹರ್ಟ್ಜಿಗೆ 80 ಕಿಲೋಓಮ್.

ಮೇಷ್ಟ್ರು ಪೆಟ್ಟಿಗೆಯ ಹಿಂದೆ ಬರೆದ 600 ಓಮ್ ವಾಲ್ವಿನ ಇಂಪಿಡೆನ್ಸ್ ಮಾತ್ರ. ಪವರ್ ಆಂಪಿಗೆ ಕಾಣುವುದು ವಾಲ್ವ್ ಮತ್ತು ಕೆಪಾಸಿಟರ್ ಎರಡೂ ಸೇರಿ. ಮಂದ್ರದ ಆಳದಲ್ಲಿ 600 ಎನ್ನುವ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ, ಅಲ್ಲಿ ಆಳುವುದು ಆ 80 ಕಿಲೋಓಮ್. ಹತ್ತು ಪಟ್ಟಿನ ಲೆಕ್ಕವನ್ನು 1,000 ಹರ್ಟ್ಜಿನಲ್ಲಿ ಹಾಕಿ ಸಮಾಧಾನಪಡುವುದು ಈ ತೊಂದರೆಯ ಬೇರು. ತಯಾರಕರು ಕಾಗದದ ಮೇಲೆ ಕೊಡುವ ಸಂಖ್ಯೆಯೂ ಹೆಚ್ಚಾಗಿ ಅಲ್ಲಿಯದೇ. ವಾಲ್ವ್ ಪ್ರಿಆಂಪ್ ಕೊಳ್ಳುವವರು 20 ಹರ್ಟ್ಜಿನಲ್ಲಿ ಎಷ್ಟು ಎಂದು ಕೇಳಿ ತಿಳಿಯಬೇಕು. ತಯಾರಕರು ಹೇಳದಿದ್ದರೆ ಹೊರದಾರಿಯ ಕೆಪಾಸಿಟರ್ ಎಷ್ಟೆಂದು ನೋಡಿಕೊಂಡು ತಾವೇ ಲೆಕ್ಕ ಹಾಕಬೇಕು.

ಲೆಕ್ಕ ಸುಲಭ. ಮೂಲದ ಮತ್ತು ಹೊರೆಯ ಓಮುಗಳನ್ನು ಕಿಲೋಓಮಿನಲ್ಲಿ ಕೂಡಿಸಿ, ಮೈಕ್ರೊಫ್ಯಾರಡ್ಡಿನಿಂದ ಗುಣಿಸಿ, ಬಂದದ್ದರಿಂದ 159ನ್ನು ಭಾಗಿಸಿದರೆ ಸಂಕೇತ 3 ಡೆಸಿಬೆಲ್ ಇಳಿಯುವ (ವೋಲ್ಟೇಜ್ ಸುಮಾರು 0.7 ಪಟ್ಟಾಗುವ) ಜಾಗ ಹರ್ಟ್ಜಿನಲ್ಲಿ ಸಿಗುತ್ತದೆ. ಮೇಷ್ಟ್ರು ನೋಟ್‌ಬುಕ್ಕಿನ ಹಾಳೆಯಲ್ಲಿಯೇ ಮಾಡಿದರು. ಹಳೆಯ ವಾಲ್ವ್ ಆಂಪಿನ ಒಳಮೈ 470 ಕಿಲೋಓಮ್. ಅದರ ಜೊತೆ 0.1 ಮೈಕ್ರೊಫ್ಯಾರಡ್ ಸೇರಿದರೆ 3.4 ಹರ್ಟ್ಜ್. ಯಾವ ಕಿವಿಗೂ ನಿಲುಕದ ಆಳ. ಎಂದರೆ 1972ರ ವಿನ್ಯಾಸದಲ್ಲಿ ಕೊರತೆ ಇರಲಿಲ್ಲ. ಆಗಿನ ಹೊರೆಗೆ 0.1 ಧಾರಾಳವಾಗಿ ಸಾಕಿತ್ತು. ಹೊಸ ಆಂಪಿನ 10 ಕಿಲೋಓಮ್ ಹಾಕಿ ಮತ್ತೆ ಭಾಗಿಸಿದರು: 150 ಹರ್ಟ್ಜ್.

ಇದು ತೊಪ್ಪಿಗೆ ಎಲ್ಲಿ ತಾಗಿತು ನೋಡಬೇಕು. ಆ ರೆಕಾರ್ಡಿನ ಗಾಯಕರ ಆಧಾರ ಷಡ್ಜ ಸುಮಾರು 139 ಹರ್ಟ್ಜ್, ಸಿ ಶಾರ್ಪ್. ಮೃದಂಗದ ಎಡಬದಿಗೆ ರವೆ ಮೆತ್ತಿ ಅದರ ನಾದವನ್ನು ಕೆಳಗಿಳಿಸಿ, ಷಡ್ಜದ ಒಂದು ಸ್ಥಾಯಿ ಕೆಳಗೆ ಕೂರಿಸುತ್ತಾರೆ. ಅದು 70 ಹರ್ಟ್ಜಿನ ಆಸುಪಾಸು. 150ರಲ್ಲಿ ಮೂರು ಡೆಸಿಬೆಲ್ ಕಳೆದುಕೊಂಡ ಸಂಕೇತ 70ಕ್ಕೆ ಬರುವ ಹೊತ್ತಿಗೆ ಏಳೂವರೆ ಡೆಸಿಬೆಲ್ ಕಳೆದುಕೊಂಡಿರುತ್ತದೆ, ವೋಲ್ಟೇಜಿನಲ್ಲಿ ಅರ್ಧಕ್ಕಿಂತ ಕಡಿಮೆ. ಬಲಬದಿಗೆ ಹೆಚ್ಚೇನೂ ಆಗಲಿಲ್ಲ, ಏಕೆಂದರೆ ಅದರ ಸ್ವರಗಳೆಲ್ಲ ಷಡ್ಜದ ಮೇಲೆಯೇ ಇವೆ. ಕರಣೆ (ನಡುವಿನ ಕಪ್ಪು ಲೇಪ) ಹಾಕಿದ ಆ ಚರ್ಮದ ಉಪಸ್ವರಗಳು ತಂತಿವಾದ್ಯದವುಗಳ ಹಾಗೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲಿಯೇ ಬರೆದಿದ್ದರು. ಮೇಷ್ಟ್ರು ಅದನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದರು. ತಂಬೂರಿಯ ಮಂದ್ರ ಷಡ್ಜದ ಮೂಲಸ್ವರವೂ ಅದೇ 70ರ ಹತ್ತಿರವೇ ಇದೆ. ಆದರೆ ತಂಬೂರಿಯನ್ನು ನಾವು ಗುರುತಿಸುವುದು ಅದರ ಮೇಲಿನ ಉಪಸ್ವರಗಳ ಗೊಂಚಲಿನಿಂದ. ಮೂಲ ಕುಗ್ಗಿದರೂ ಕಿವಿ ಅದನ್ನು ತುಂಬಿಕೊಳ್ಳುತ್ತದೆ. ತೊಪ್ಪಿಗೆ ಆ ಆಸರೆ ಬಹಳ ಕಡಿಮೆ. ಆದ್ದರಿಂದ ಇಡೀ ಕಚೇರಿಯಲ್ಲಿ ಮೊದಲು ಕಾಣೆಯಾದದ್ದು ಅದೇ.

ಸಿಡಿ ಪ್ಲೇಯರಿನ ಜೊತೆ ಮಂದ್ರ ಬಂದದ್ದೇಕೆ? ಅದರ ಹೊರದಾರಿಯಲ್ಲಿ ಇರುವುದು ಹತ್ತಾರು ಮೈಕ್ರೊಫ್ಯಾರಡ್ಡಿನ ಕೆಪಾಸಿಟರ್. ಹೊರೆ 10 ಕಿಲೋಓಮ್ ಆದರೂ ಅದಕ್ಕೆ ಲೆಕ್ಕವಿಲ್ಲ. 1978ರ ಹೊತ್ತಿಗೆ ಅಮೆರಿಕದ ಹೈಫೈ ತಯಾರಕರ ಸಂಘದ ಐಎಚ್‌ಎಫ್ ಮಾನದಂಡ ಪ್ರಿಆಂಪುಗಳನ್ನು 10 ಕಿಲೋಓಮ್ ಹೊರೆಯಲ್ಲಿಯೇ ಪರೀಕ್ಷಿಸಬೇಕೆಂದು ಹೇಳಿತ್ತು. ಮೇಷ್ಟ್ರ ಪೆಟ್ಟಿಗೆ ಅದಕ್ಕೂ ಆರು ವರ್ಷ ಮೊದಲಿನದು, ವಾಲ್ವಿಗೆ ವಾಲ್ವ್ ಎದುರಾಗುತ್ತಿದ್ದ ಲೋಕದ್ದು.

ಆ ರಿಪೇರಿಯವರ 600 ಓಮಿನ ರೆಸಿಸ್ಟರ್ ಏನು ಮಾಡಿತೆಂಬುದಕ್ಕೂ ಇದೇ ಸೂತ್ರ ಸಾಕು. ಹೊರೆ 566 ಓಮಿಗೆ ಇಳಿಯಿತು, 3 ಡೆಸಿಬೆಲ್ ಜಾಗ 1,360 ಹರ್ಟ್ಜಿಗೆ ಏರಿತು. ಮಂದ್ರವಷ್ಟೇ ಅಲ್ಲ, ಗಾಯಕರ ಎದೆಯ ನಾದವೇ ಸೋರಿಹೋಯಿತು.

ಚಿಕಿತ್ಸೆ, ಮತ್ತು ಚಿಕಿತ್ಸೆ ತಂದ ಹೊಸ ತೊಂದರೆ

ದಾರಿಗಳು ಮೂರಿದ್ದವು. ಪವರ್ ಆಂಪಿನ ಒಳಗೆ ಕೈ ಹಾಕಿ ಅದರ ಒಳಮೈ ಇಂಪಿಡೆನ್ಸ್ ಏರಿಸುವುದು ಒಂದು. ಮಗಳು ಪ್ರೀತಿಯಿಂದ ತಂದ ವಸ್ತುವಿನ ವಾರಂಟಿ ಮುರಿಯಲು ಮೇಷ್ಟ್ರಿಗೆ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಎರಡರ ನಡುವೆ ಹೆಚ್ಚು ಒಳಮೈ, ಕಡಿಮೆ ಹೊರಮೈ ಇಂಪಿಡೆನ್ಸ್ ಇರುವ ಸಣ್ಣ ಬಫರ್ ಸರ್ಕಿಟ್ ಇಡುವುದು ಇನ್ನೊಂದು. ಪ್ರಿಆಂಪಿನ ಹೊರದಾರಿ ವಾಲ್ವಿನ ಪ್ಲೇಟಿನಿಂದಲೇ (ಎಲೆಕ್ಟ್ರಾನುಗಳು ಬಂದು ಸೇರುವ ತುದಿ) ಬರುವಂತಿದ್ದರೆ ನಾನು ಅದನ್ನೇ ಮಾಡುತ್ತಿದ್ದೆ. ಇಸಿಸಿ83ರ ಪ್ಲೇಟಿಗೆ 100 ಕಿಲೋಓಮ್ ಹಾಕಿದ ಹಂತದ ಹೊರಮೈ ಇಂಪಿಡೆನ್ಸ್ 38 ಕಿಲೋಓಮಿನಷ್ಟಾಗುತ್ತದೆ. 10 ಕಿಲೋಓಮ್ ಹೊರೆ ಕೊಟ್ಟರೆ ಎಲ್ಲ ಸ್ವರಗಳೂ ಐದನೆಯ ಒಂದು ಭಾಗಕ್ಕೆ ಕುಸಿಯುತ್ತವೆ, ವಾಲ್ವೂ ಏದುಸಿರು ಬಿಡುತ್ತದೆ. ಕೆಪಾಸಿಟರ್ ಎಷ್ಟು ದೊಡ್ಡದಿದ್ದರೂ ಆ ನಷ್ಟ ತುಂಬುವುದಿಲ್ಲ. ಮೇಷ್ಟ್ರ ವಾಲ್ವಿನ ಪರಿಸ್ಥಿತಿ ಬೇರೆ. ಕ್ಯಾಥೋಡಿನಿಂದ ಸಂಕೇತ ಹೊರಡುವುದರಿಂದ 600 ಓಮ್. ಅದರಲ್ಲಿ ಸದಾ ಹರಿಯುವ ವಿದ್ಯುತ್ 5 ಮಿಲಿಆಂಪಿಯರ್. 10 ಕಿಲೋಓಮಿಗೆ ಒಂದು ವೋಲ್ಟ್ ಕೊಡಲು ಅಲೆಯ ಶಿಖರದಲ್ಲಿಯೂ ಬೇಕಾದದ್ದು 0.14 ಮಿಲಿಆಂಪಿಯರ್ ಮಾತ್ರ. ವಾಲ್ವಿಗೆ ಈ ಹೊರೆ ಭಾರವೇ ಅಲ್ಲ. ಅಡ್ಡ ನಿಂತಿದ್ದದ್ದು ಕೆಪಾಸಿಟರ್ ಒಂದೇ.

ಹಾಗಾಗಿ ಮೂರನೆಯ ದಾರಿ: 0.1 ತೆಗೆದು 2.2 ಮೈಕ್ರೊಫ್ಯಾರಡ್, 400 ವೋಲ್ಟಿನ ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್. 3 ಡೆಸಿಬೆಲ್ ಜಾಗ 6.8 ಹರ್ಟ್ಜಿಗೆ ಇಳಿಯುತ್ತದೆ, 20 ಹರ್ಟ್ಜಿನಲ್ಲಿ ನಷ್ಟ ಅರ್ಧ ಡೆಸಿಬೆಲ್. ಇನ್ನೂ ದೊಡ್ಡದು, 10 ಮೈಕ್ರೊಫ್ಯಾರಡ್ ಹಾಕಬಹುದಲ್ಲ ಎಂದು ಮೇಷ್ಟ್ರು ಕೇಳಿದರು. ಬೇಡವೆಂದೆ. ಅವರ ರೆಕಾರ್ಡುಗಳಲ್ಲಿ ಹಲವು ಬಿಸಿಲಿಗೆ ಸೊಟ್ಟಗಾಗಿವೆ. ಸೊಟ್ಟ ರೆಕಾರ್ಡು ತಿರುಗುವಾಗ ಹುಟ್ಟುವ ಏರಿಳಿತ ಬಹುತೇಕ 10 ಹರ್ಟ್ಜಿನ ಕೆಳಗಿರುತ್ತದೆ, ಕೇಳಿಸುವುದಿಲ್ಲ, ಆದರೆ ಸ್ಪೀಕರಿನ ಕೋನನ್ನು ಸುಮ್ಮನೆ ಹಿಂದೆ ಮುಂದೆ ತಳ್ಳುತ್ತದೆ. ಅಷ್ಟು ಆಳದ ಬಾಗಿಲನ್ನು ತೆರೆದಿಡುವುದರಲ್ಲಿ ಲಾಭವಿಲ್ಲ. ಎಲೆಕ್ಟ್ರೊಲಿಟಿಕ್ ಬೇಡವೆಂದದ್ದು ಸೋರಿಕೆಯ ಭಯದಿಂದ. ಹಿಂದೆ 110 ವೋಲ್ಟ್ ನಿಂತಿರುವಾಗ ಸೋರುವ ಕೆಪಾಸಿಟರ್ ಇಡಬಾರದು.

ಪೆಟ್ಟಿಗೆ ಬಿಚ್ಚಿ, ಒಳಗಿನ 250 ವೋಲ್ಟ್ ಪೂರ್ತಿ ಇಳಿದಿದೆಯೆಂದು ಮೀಟರಿನಲ್ಲಿ ನೋಡಿಕೊಂಡೇ ಕೈ ಹಾಕಿದೆ. ಬೆಸುಗೆ ಮೇಷ್ಟ್ರೇ ಹಾಕಿದರು. ಕೈ ಸ್ವಲ್ಪ ನಡುಗುತ್ತಿತ್ತು, ಮೊಣಕೈಯನ್ನು ಮೇಜಿಗೆ ಊರಿಕೊಂಡರು. ಬೆಸುಗೆ ಹೊಳೆಯುತ್ತಾ ಗಟ್ಟಿಯಾಯಿತು.

ಅಲ್ಲಿಗೆ ಮುಗಿಯಿತೆಂದುಕೊಂಡದ್ದು ನನ್ನ ತಪ್ಪು. ಎರಡೂ ಪೆಟ್ಟಿಗೆಗಳಿಗೆ ಒಟ್ಟಿಗೆ ವಿದ್ಯುತ್ ಕೊಟ್ಟೆವು. ಕಾಲು ನಿಮಿಷವಾಗುತ್ತಿದ್ದಂತೆ ವಾಲ್ವ್ ಬಿಸಿಯಾಗತೊಡಗಿತು. ಸ್ಪೀಕರಿನ ಕೋನು ಯಾವ ಸದ್ದೂ ಇಲ್ಲದೆ ಮುಂದಕ್ಕೆ ಉಬ್ಬಿತು, ಯಾರೋ ಹಿಂದಿನಿಂದ ಬೆರಳಿಟ್ಟು ಒತ್ತಿದ ಹಾಗೆ. ತಕ್ಷಣ ಆರಿಸಿದೆ. ಆದದ್ದು ಇಷ್ಟು. ವಾಲ್ವ್ ಬಿಸಿಯಾಗುತ್ತಾ ಕ್ಯಾಥೋಡ್ ಸುಮಾರು ಹತ್ತು ಸೆಕೆಂಡಿನಲ್ಲಿ 110 ವೋಲ್ಟಿಗೆ ಏರುತ್ತದೆ. ಆ ಏರಿಕೆಯಲ್ಲಿ ಕೆಪಾಸಿಟರ್ ತುಂಬಿಕೊಳ್ಳುವ ವಿದ್ಯುತ್ ಹೊಸ ಆಂಪಿನ 10 ಕಿಲೋಓಮಿನ ಮೂಲಕವೇ ಹಾಯಬೇಕು. 0.1 ಇದ್ದಾಗ ಅದು ಅಲ್ಲಿ ಹುಟ್ಟಿಸುತ್ತಿದ್ದದ್ದು ನೂರನೆಯ ಒಂದು ವೋಲ್ಟಿನಷ್ಟು. 2.2 ಆದಾಗ ಇಪ್ಪತ್ತೆರಡು ಪಟ್ಟು, ಕಾಲು ವೋಲ್ಟಿನ ಹತ್ತಿರ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮೊದಲು ಎರಡು ಪೆಟ್ಟಿಗೆಗಳೂ ಸದಾ ಜೋಡಿಸಿಕೊಂಡೇ ಇರುತ್ತಿದ್ದುದರಿಂದ ಪ್ರಿಆಂಪಿನ ಹೊರದಾರಿಗೆ ತನ್ನದೇ ಆದ ಇಳಿದಾರಿ ರೆಸಿಸ್ಟರ್ ಇರಲಿಲ್ಲ. ಚಾಲೂ ಇರುವಾಗ ಯಾರಾದರೂ ತಂತಿ ಕಿತ್ತು ಮತ್ತೆ ಸಿಕ್ಕಿಸಿದರೆ, ಅಷ್ಟರೊಳಗೆ ತೇಲುತ್ತಾ ಮೇಲೇರಿದ ಹೊರತುದಿ ಒಮ್ಮೆಲೇ ಹೊಸ ಆಂಪಿನೊಳಕ್ಕೆ ಇಳಿಯುತ್ತದೆ. ಮಧ್ಯಾಹ್ನ ಮೀಟರ್ ಹಿಡಿದು ನಾಲ್ಕು ಸಲ ತಂತಿ ಕಿತ್ತು ಸಿಕ್ಕಿಸಿದ್ದು ನೆನಪಾಗಿ ನನ್ನ ಎದೆ ಝಲ್ಲೆಂದಿತು. ಆಗ ಇದ್ದದ್ದು ಸಣ್ಣ ಕೆಪಾಸಿಟರ್, ಮೀಟರೂ ಅಡ್ಡಲಾಗಿ ಇತ್ತು, ಹಾಗಾಗಿ ಆಂಪ್ ಉಳಿದುಕೊಂಡಿತು.

ಮರುದಿನ ಹೊರದಾರಿಯಿಂದ ನೆಲಕ್ಕೆ 470 ಕಿಲೋಓಮಿನ ರೆಸಿಸ್ಟರ್ ಹಾಕಿದೆವು. ಜೊತೆಗೆ ಒಂದು ಸಣ್ಣ ರಿಲೇ, ಎಂದರೆ ವಿದ್ಯುತ್ತಿನಿಂದ ತಾನೇ ತೆರೆದು ಮುಚ್ಚುವ ಸ್ವಿಚ್ಚು. ವಿದ್ಯುತ್ ಬಂದ ಮೊದಲ ನಲವತ್ತೈದು ಸೆಕೆಂಡು ಅದು ಹೊರದಾರಿಯನ್ನು ನೆಲಕ್ಕೆ ಹಿಡಿದಿಡುತ್ತದೆ. ಕೆಪಾಸಿಟರ್ ಅಷ್ಟರಲ್ಲಿ ತುಂಬಿಕೊಂಡಿರುತ್ತದೆ. ಆಮೇಲೆ ಬಿಡುತ್ತದೆ. ವಿದ್ಯುತ್ ಹೋದ ಕ್ಷಣ ಮತ್ತೆ ಹಿಡಿಯುತ್ತದೆ, ನಮ್ಮ ಬೀದಿಯಲ್ಲಿ ಅದೂ ಮುಖ್ಯ. ಕೋನು ಮತ್ತೆ ಉಬ್ಬಲಿಲ್ಲ.

ಹೊಸ ಆಂಪ್ ಜೋಡಿಸಿಕೊಂಡು ಅಳೆದಾಗ 400 ಹರ್ಟ್ಜಿನಲ್ಲಿ 0.94 ವೋಲ್ಟ್, 50 ಹರ್ಟ್ಜಿನಲ್ಲಿ 0.93.

ಮೇಷ್ಟ್ರು ಅದೇ ರೆಕಾರ್ಡನ್ನು, ಅದೇ ತನಿ ಆವರ್ತನದ ಜಾಗಕ್ಕೆ ಮುಳ್ಳು ಇಟ್ಟರು. ಬಾಸ್ ಗುಬುಟನ್ನು ತಾವೇ ನಡುವಿಗೆ ತಂದರು. ನಾಲ್ಕನೆಯ ಆವರ್ತದಲ್ಲಿ ಮೃದಂಗದವರು ಬಲಗೈಯನ್ನು ನಿಲ್ಲಿಸಿ ಎಡಗೈಯನ್ನು ಚರ್ಮದ ಮೇಲೆ ಒತ್ತಿ ಜಾರಿಸುವ ಒಂದು ಜಾಗವಿದೆ. ಗುಂ ಎಂದು ಎದ್ದ ನಾದ ಮೇಲಕ್ಕೆ ಬಾಗಿ ಹೋಯಿತು. ಬೀರುವಿನ ಗಾಜು ಸಣ್ಣಗೆ ಅದುರಿತು. ಒಳಗಿನಿಂದ ಅವರ ಹೆಂಡತಿ, "ಬಂತಾ?" ಎಂದು ಕೂಗಿ ಕೇಳಿದರು.

ಮೇಷ್ಟ್ರು ಉತ್ತರ ಕೊಡಲಿಲ್ಲ, ತಾಳ ಹಾಕುತ್ತಿದ್ದರು. ರೆಕಾರ್ಡಿನ ಆ ಪಕ್ಕ ಮುಗಿದ ಮೇಲೆ ಪೆಟ್ಟಿಗೆಯನ್ನು ತಿರುಗಿಸಿ, 1972ರ ಬರಹವನ್ನು ಹೊಡೆದುಹಾಕದೆ, ಅದರ ಕೆಳಗೆ ಹೊಸ ಶಾಯಿಯಲ್ಲಿ ಬರೆದರು: '600 ಓಮ್, 1,000 ಹರ್ಟ್ಜಿನಲ್ಲಿ. 20 ಹರ್ಟ್ಜಿನಲ್ಲಿ 3.7 ಕಿಲೋಓಮ್. ಹೊರೆ 10 ಕಿಲೋಓಮಿಗಿಂತ ಕಡಿಮೆ ಕೊಡಬಾರದು. ಮೊದಲು ಇದು, ಆಮೇಲೆ ಪವರ್ ಆಂಪ್.' ತಾರೀಖು ಹಾಕಿದರು, ಶಾಯಿ ಒಣಗುವವರೆಗೆ ಪೆಟ್ಟಿಗೆಯನ್ನು ಹಾಗೆಯೇ ಹಿಡಿದುಕೊಂಡಿದ್ದರು.